ಹತ್ತಿ ತುಂಬಿದ ಗೋಡೆ

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲಿನ ಮೊದಲ ಭಾನುವಾರ. ಸಂಜೆ ಐದು ದಾಟಿತ್ತು, ಬಿಸಿಲು ಇನ್ನೂ ಇತ್ತು. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ನಾನು ನಿಂತಿದ್ದೆ. ಕೈಯಲ್ಲಿ ಆಗಷ್ಟೇ ತಂತಿಯಿಂದ ತೆಗೆದ ಹೊದಿಕೆ ಇತ್ತು. ನನ್ನ ಮುಂದೆ ಎದೆಮಟ್ಟದ ಕಂಪೌಂಡ್ ಗೋಡೆ. ಅದರಾಚೆ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುವಷ್ಟು ಜಾಗ. ಆಮೇಲೆ ಪಕ್ಕದ ಮನೆಯ ಗೋಡೆ ಮತ್ತು ಅದರಲ್ಲಿ ಒಂದು ಗಾಜಿನ ಕಿಟಕಿ. ಕಿಟಕಿ ನೆರಳಿನಲ್ಲಿತ್ತು, ಒಳಗೆ ದೀಪ ಹಾಕಿದ್ದರು. ಆದ್ದರಿಂದ ಒಳಗಿನದೆಲ್ಲ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಿವೃತ್ತನಾಗುವವರೆಗೆ ನಾನು ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡುತ್ತಿದ್ದೆ. ಎಲ್ಲಿ ನಿಂತಿದ್ದೆ, ಅಲ್ಲಿಂದ ಏನು ಕಾಣುತ್ತಿತ್ತು ಎಂಬುದನ್ನು ಹೇಳದ ಸಾಕ್ಷಿಯ ಮಾತು ನಿಲ್ಲುವುದಿಲ್ಲ. ಅದಕ್ಕೇ ನಿಧಾನವಾಗಿ, ಕಂಡಷ್ಟನ್ನೇ ಹೇಳುತ್ತೇನೆ.

ಮೊದಲು ಆ ಕೋಣೆಯ ವಿಷಯ ತಿಳಿಸಬೇಕು.

ಪಕ್ಕದ ಮನೆ ಶಿವಪುತ್ರಪ್ಪನವರದು. ಹತ್ತಿ ವ್ಯಾಪಾರಿಗಳು, ತಂದೆಯ ಕಾಲದಿಂದ ಅದೇ ಕಸುಬು. ಓಣಿಯಲ್ಲಿ ಎಲ್ಲರೂ ಅವರನ್ನು ಸಾವಕಾರ್ರು ಎಂದೇ ಕರೆಯುತ್ತಿದ್ದರು. ಹೆಂಡತಿ ನೀಲವ್ವ. ಮಗ ಮಹಾಂತೇಶ ಅಂಗಡಿ ನೋಡಿಕೊಳ್ಳುತ್ತಾನೆ. ಸೊಸೆ ಸುಜಾತಾ ಧಾರವಾಡದ ಹೆಣ್ಣುಮಗಳು, ಸಂಗೀತ ಕಲಿತವಳು. ಮದುವೆಯಾಗಿ ಬಂದ ಮೇಲೆ ಮನೆಯಲ್ಲೇ ಮಕ್ಕಳಿಗೆ ಹಾಡು ಹೇಳಿಕೊಡಲು ಶುರು ಮಾಡಿದಳು. ಸಂಜೆಯಾದರೆ ಆ ಕಿಟಕಿಯಿಂದ ಮಕ್ಕಳ ಸ್ವರ ನಮ್ಮ ಹಿತ್ತಲಿಗೆ ಬರುತ್ತಿತ್ತು. ನನ್ನ ಹೆಂಡತಿ ವಿಮಲಾ ಚಪಾತಿ ಲಟ್ಟಿಸುತ್ತ, "ಇವತ್ತ ಆ ಸಣ್ಣಹುಡುಗಿ ಛಲೋ ಅಂದ್ಲು ನೋಡ್ರಿ" ಎನ್ನುತ್ತಿದ್ದಳು.

ಆಮೇಲೆ ವಿಮಲಾಳ ತಲೆಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಆದರೆ ಸದ್ದು ತಡೆಯುವ ಶಕ್ತಿ ಹೋಯಿತು. ಚಮಚ ಕೆಳಗೆ ಬಿದ್ದರೆ ಹೊಡೆತ ತಿಂದವಳಂತೆ ಮುದುಡುತ್ತಿದ್ದಳು. ಮಕ್ಕಳ ಹಾಡು ಶುರುವಾದರೆ ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆಗೆ ತಿರುಗಿ ಮಲಗುತ್ತಿದ್ದಳು. ನಾವು ಯಾರಿಗೂ ಹೇಳಲಿಲ್ಲ. ಒಂದು ಸಂಜೆ ಸುಜಾತಾ ಹಬ್ಬದ ಹೋಳಿಗೆ ಕೊಡಲು ಬಂದಳು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಮಲಗಿದ್ದ ವಿಮಲಾಳನ್ನು ನೋಡಿದಳು. ಹೋಳಿಗೆಯ ತಟ್ಟೆ ಇಟ್ಟು ಹೋದಳು. ಮರುದಿನದಿಂದ ಹಾಡು ನಿಂತಿತು. ಮಕ್ಕಳು ಬಂದು ಬಾಗಿಲಿನಿಂದಲೇ ಹಿಂತಿರುಗುತ್ತಿದ್ದರು.

ಕೆಲವು ದಿನಗಳಾದ ಮೇಲೆ ಅವರ ಮನೆ ಮುಂದೆ ಪ್ಲೈವುಡ್ ಹಲಗೆಗಳು ಬಂದಿಳಿದವು. ಏನೆಂದು ಕೇಳಿದಾಗ ಸಾವಕಾರರು ನಕ್ಕರು.

"ಸುಜಾತಾನ ಖೋಲಿಗೆ ಸೌಂಡ್‌ಪ್ರೂಫ್ ಮಾಡ್ಸಾಕತ್ತೇನ್ರಿ ರಾಯರ. ನಿಮ್ಮ ಮನಿಯವರ ಸಲುವಾಗಿ ಅಂತ ತಿಳೀಬ್ಯಾಡ್ರಿ ಮತ್ತ. ನನಗೂ ಮಧ್ಯಾಹ್ನ ನಿದ್ದಿ ಬೇಕಲ್ಲ!"

ಭಾನುವಾರ ಬಿಟ್ಟರೆ ಅವರು ಮಧ್ಯಾಹ್ನ ಮನೆಯಲ್ಲಿ ಇರುತ್ತಲೇ ಇರಲಿಲ್ಲ.

ಕೆಲಸ ಒಪ್ಪಿಕೊಂಡವನು ಇರ್ಫಾನ್ ಎಂಬ ತರುಣ. ಕಚೇರಿಗಳಿಗೆ, ಸಭಾಗೃಹಗಳಿಗೆ ಇಂಥ ಕೆಲಸ ಮಾಡುತ್ತಿದ್ದ. ಅವನು ಮೊದಲ ದಿನ ಖಾಲಿ ಕೋಣೆಯ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. "ಇಲ್ಲಿ ಎರಡು ಕೆಲಸ ಅದಾವ್ರಿ," ಎಂದು ಸುಜಾತಾಳಿಗೆ ಹೇಳಿದ. "ದನಿ ಹೊರಗ ಹೋಗಬಾರ್ದು, ಅದೊಂದು. ಒಳಗ ಗ್ವಾಡಿಗೆ ಬಡದು ತಿರುಗಿ ಬಂದು ನಿಮ್ಮ ಸ್ವರ ಕೆಡಸಬಾರ್ದು, ಅದೊಂದು. ಮೆತ್ತನ ಪರದೆ ಹಾಕಿದ್ರ ಎರಡನೇದು ಆಗ್ತೈತಿ, ಮೊದಲನೇದು ಆಗೂದಿಲ್ಲ. ಅದಕ್ಕ ಗ್ವಾಡಿಗೆ ಇನ್ನೊಂದು ಗ್ವಾಡಿ ಬೇಕು, ನಡುವ ತುಂಬಬೇಕು." ತುಂಬಲು ಅವನು ರಾಕ್‌ವುಲ್ ಎಂಬ ವಸ್ತು ತರಿಸುತ್ತೇನೆ ಎಂದ. ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು, ಬೆಂಕಿ ಹಿಡಿಯುವುದಿಲ್ಲ ಎಂದು ವಿವರಿಸಿದ.

ಸಾವಕಾರರು ಒಪ್ಪಲಿಲ್ಲ. ಜೀವಮಾನವಿಡೀ ಹತ್ತಿಯಲ್ಲಿ ಕೈಯಾಡಿಸಿದವರು. "ಕಲ್ಲಿನ ಹತ್ತಿ ನಮ್ಮ ಮನ್ಯಾಗ ಯಾಕೋ ತಮ್ಮಾ? ನಮ್ಮ ಅಂಗಡ್ಯಾಗ ಹತ್ತಿ ಬಿದ್ದೈತಿ. ಹತ್ತಿಯಷ್ಟು ಸುಮ್ಮನಿರೂದು ಜಗತ್ತಿನ್ಯಾಗ ಏನೈತಿ ಹೇಳು? ಅಂಡಿಗಿ ಒಟ್ಟಿದ ಗೋದಾಮಿನ್ಯಾಗ ನಿಂತು ಒದರು, ನಿನ್ನ ದನಿ ನಿನಗ ಕೇಳೂದಿಲ್ಲ."

"ಖರೇ ಐತ್ರಿ ಸಾವಕಾರ್ರ. ಆದ್ರ ಬೆಂಕಿ..."

"ಗ್ವಾಡ್ಯಾಗ ಬೀಡಿ ಸೇದವ್ರು ಯಾರದಾರೋ?"

ಇರ್ಫಾನ್ ಮತ್ತೊಮ್ಮೆ ಹೇಳಿ ನೋಡಿದ. ಕೊನೆಗೆ ಬಾಗಿಲು, ಜೋಡಿ ಗಾಜಿನ ಕಿಟಕಿ, ಹಲಗೆಯ ಚೌಕಟ್ಟು ಮಾತ್ರ ಮಾಡಿಕೊಟ್ಟು ಹೋದ. ನಡುವಿನ ಸಂದಿಗೆ ಸಾವಕಾರರೇ ತಮ್ಮ ಅಂಗಡಿಯ ಆಳುಗಳಿಂದ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಕಟ್ಟುವಷ್ಟೇ ಒತ್ತಿ ಹತ್ತಿ ತುಂಬಿಸಿದರು. ದೀಪದ, ಫ್ಯಾನಿನ, ಹೊಸದಾಗಿ ಹಾಕಿಸಿದ ಏಸಿಯ ತಂತಿಗಳು ಆ ಹತ್ತಿಯ ನಡುವೆಯೇ ಹೋಗಿದ್ದವು. ಹತ್ತಿ ಪೇಟೆಯಲ್ಲಿ ಬೆಂಕಿಪೊಟ್ಟಣ ಕಿಸೆಯಲ್ಲಿಟ್ಟುಕೊಂಡು ಯಾರಾದರೂ ಬಂದರೆ ಹೊರಗೆ ಕಳಿಸುತ್ತಿದ್ದವರು ಅವರು. ಮನೆಯ ಗೋಡೆಗೆ ಅದೇ ನಿಯಮ ಅನ್ವಯಿಸುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಕೆಲಸ ಮುಗಿದ ದಿನ ಅವರು ನನ್ನನ್ನು ಕರೆದು ಹಿತ್ತಲಲ್ಲಿ ನಿಲ್ಲಿಸಿದರು. ಒಳಗೆ ಮಕ್ಕಳು ಹಾಡುತ್ತಿದ್ದರು. ನಮಗೆ ಏನೂ ಕೇಳಲಿಲ್ಲ. ಸಾವಕಾರರು ಕಂಪೌಂಡಿನ ಮೇಲೆ ಕೈಯಿಟ್ಟು, "ಹೆಂಗ?" ಎಂದರು. ಅಂದು ಸಂಜೆ ವಿಮಲಾ ಬಹಳ ದಿನಗಳ ಮೇಲೆ ಹಿತ್ತಲಿಗೆ ಬಂದು ಕೂತಳು.

ಆ ಕೋಣೆಯೊಳಗೆ ಹೋಗುತ್ತಿದ್ದ ಹೊರಗಿನ ಸದ್ದು ಒಂದೇ ಒಂದು. ನೀಲವ್ವನವರ ಒನಕೆ. ಅವರ ಅಡುಗೆಮನೆಯ ನೆಲದಲ್ಲಿ ಹೂತ ಒರಳು ಇದೆ. ಶೇಂಗಾ ಚಟ್ನಿ ಮಿಕ್ಸರಿನಲ್ಲಿ ಮಾಡಿದರೆ ಅವರು ಮುಟ್ಟುವುದಿಲ್ಲ. ಕುಟ್ಟಲು ಶುರು ಮಾಡಿದರೆ ಕೋಣೆಯ ನೆಲ ದಿಮ್ ದಿಮ್ ಎನ್ನುತ್ತಿತ್ತಂತೆ. ಇರ್ಫಾನ್ ಹೇಳಿದ್ದನಂತೆ: ಮಾತು ಗಾಳಿಯಲ್ಲಿ ಬರುತ್ತದೆ, ಅದನ್ನು ತಡೆಯಬಹುದು, ಕುಟ್ಟುವುದು ನೆಲದಲ್ಲಿ ಬರುತ್ತದೆ, ಅದಕ್ಕೆ ನೆಲವನ್ನೇ ಬೇರೆ ಮಾಡಬೇಕು ಎಂದು. ನೆಲ ಎತ್ತರಿಸಲು ನೀಲವ್ವ ಬಿಡಲಿಲ್ಲ. ಅತ್ತೆ ಸೊಸೆಗೆ ಇದೊಂದು ದಿನನಿತ್ಯದ ಜಗಳ, ಅರ್ಧ ತಮಾಷೆ.

"ಅತ್ತೀ, ನಿಮ್ಮ ಒನಕಿ ನನ್ನ ತಾಳಕ್ಕ ಬೀಳೂದಿಲ್ರಿ. ಕ್ಲಾಸ್ ಮುಗಿದ ಮ್ಯಾಲೆ ಕುಟ್ರಿ."

"ನಿನ್ನ ತಾಳ ನನ್ನ ಒನಕಿಗೆ ಹೊಂದಸವಾ. ಒನಕಿ ಮೊದಲ ಬಂದೈತಿ ಈ ಮನಿಗೆ, ನೀನು ಆಮ್ಯಾಲೆ."

ಹಾಗೆ ಹೇಳಿದರೂ ತರಗತಿಯ ಹೊತ್ತಿನಲ್ಲಿ ನೀಲವ್ವ ಒನಕೆ ಮುಟ್ಟುತ್ತಿರಲಿಲ್ಲ.

ಇನ್ನು ಆ ಭಾನುವಾರ.

ಹೊದಿಕೆ ಮಡಚುತ್ತ ನಾನು ಕಿಟಕಿಯ ಕಡೆ ನೋಡಿದೆ. ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಸುಜಾತಾ ಕಿಟಕಿಗೆ ಬೆನ್ನು ಮಾಡಿ ತಂಬೂರಿ ಹಿಡಿದಿದ್ದಳು. ಮಕ್ಕಳೆಲ್ಲರ ಕಣ್ಣು ಮುಚ್ಚಿದ್ದವು, ಬಾಯಿ ತೆರೆದಿದ್ದವು. ಅವಳ ತರಗತಿ ಶುರುವಾಗುವುದೇ ಹಾಗೆ. ಕಣ್ಣು ಮುಚ್ಚಿ ಒಂದೇ ಷಡ್ಜವನ್ನು ಹಿಡಿದು ನಿಲ್ಲಿಸಬೇಕು. ಅವಳು ಸಾಕು ಎನ್ನುವವರೆಗೆ ಯಾರೂ ಕಣ್ಣು ತೆರೆಯಬಾರದು.

ಆಗ ಕಿಟಕಿಯ ಮೇಲ್ಗಡೆ, ಏಸಿಯ ಕೊಳವೆ ಹೊರಬರುವ ರಂಧ್ರದಿಂದ ತೆಳುವಾದ ಬಿಳಿ ಹೊಗೆ ಏಳುತ್ತಿರುವುದು ಕಂಡಿತು. ಮೊದಲು ಊದಿನಕಡ್ಡಿ ಎಂದುಕೊಂಡೆ. ಆಮೇಲೆ ವಾಸನೆ ಬಂತು. ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತು ಬಿಟ್ಟರೆ ಬರುವ ವಾಸನೆ ಅದು. ಒಳಗೆ ಕೋಣೆಯಲ್ಲಿ ಹೊಗೆ ಇರಲಿಲ್ಲ. ಹೊಗೆ ಗೋಡೆಯ ಹೊಟ್ಟೆಯೊಳಗಿತ್ತು.

ನಾನು ಕೂಗಿದೆ. ಒಂದು ತಲೆಯೂ ಅಲುಗಲಿಲ್ಲ. ಬಟ್ಟೆ ಒಣಹಾಕುವ ಗಳ ತೆಗೆದುಕೊಂಡು ಕಂಪೌಂಡಿನ ಮೇಲಿಂದ ಚಾಚಿ ಗಾಜಿಗೆ ಬಡಿದೆ. ಜೋಡಿ ಗಾಜು, ಬಿದಿರಿನ ತುದಿ ಟಕ್ ಎಂದದ್ದು ನನಗಷ್ಟೇ ಕೇಳಿತು. ಕಲ್ಲೆಸೆದು ಗಾಜು ಒಡೆಯೋಣ ಎಂದರೆ ಕಿಟಕಿಯ ಬುಡದಲ್ಲೇ ಸುಜಾತಾ, ಅವಳೆದುರಿಗೇ ಮಕ್ಕಳು ಕೂತಿದ್ದರು. ಗಾಜೆಲ್ಲ ಅವರ ತಲೆಯ ಮೇಲೆ ಬೀಳುತ್ತಿತ್ತು. ಗಳ ಬಿಸಾಡಿ ನಮ್ಮ ಮನೆ ಸುತ್ತಿ ಅವರ ಮುಂಬಾಗಿಲಿಗೆ ಓಡಿದೆ.

ನೀಲವ್ವ ಪಡಸಾಲೆಯಲ್ಲಿ ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದರು.

"ನೀಲವ್ವಾರ, ನಿಮ್ಮ ಗ್ವಾಡ್ಯಾಗ ಹೊಗಿ ಬರ್ಲಿಕ್ಕೆ ಹತ್ತೇದ. ಮಕ್ಕಳನ್ನ ಹೊರಗ ಕರೀರಿ!"

ಅವರು ಎದ್ದು ಬಂದು ಕೋಣೆಯ ಗೋಡೆಗೆ ಅಂಗೈ ಇಟ್ಟರು. ಕೂಡಲೇ ಕೈ ತೆಗೆದರು. "ಅಯ್ಯ ಶಿವನ, ಬಿಸಿ ಐತಿ!"

ಬಾಗಿಲು ಒಳಗಿನಿಂದ ಅಗಳಿ ಹಾಕಿತ್ತು. ನಡುವೆ ಯಾರೂ ಬರಬಾರದೆಂದು ಸುಜಾತಾ ಹಾಗೆ ಹಾಕಿಕೊಳ್ಳುತ್ತಿದ್ದಳು. ನಾನು ಮುಷ್ಟಿಯಿಂದ ಬಡಿದೆ. ಆ ಬಾಗಿಲಿಗೆ ದಪ್ಪ ರೆಕ್ಸಿನ್ ಹೊದಿಸಿತ್ತು, ಅಂಚಿಗೆಲ್ಲ ರಬ್ಬರು. ಗಾದಿಗೆ ಗುದ್ದಿದಂತಾಯಿತು. ಕೂಗಿದೆವು. ನಾನು ಕಿಸೆ ಮುಟ್ಟಿ ನೋಡಿಕೊಂಡೆ, ನನ್ನ ಫೋನು ಮನೆಯಲ್ಲಿತ್ತು. ನೀಲವ್ವ ಅಲ್ಲಿದ್ದ ಫೋನು ತೆಗೆದು ಸೊಸೆಗೆ ಕರೆ ಮಾಡಿದರು. ರಿಂಗಾದದ್ದು ನಮ್ಮ ಪಕ್ಕದಲ್ಲೇ, ಬಾಗಿಲ ಬಳಿಯ ಬುಟ್ಟಿಯಲ್ಲಿ. ಹಾಡುವಾಗ ಎಲ್ಲರೂ ಫೋನನ್ನು ಆ ಬುಟ್ಟಿಯಲ್ಲಿಟ್ಟು ಒಳಗೆ ಹೋಗಬೇಕೆಂಬುದು ಅಲ್ಲಿಯ ನಿಯಮ.

ಆಗ ನೀಲವ್ವ ಬಾಗಿಲು ಬಿಟ್ಟು ಅಡುಗೆಮನೆಗೆ ಓಡಿದರು. ಗಾಬರಿಯಲ್ಲಿ ತಲೆ ಕೆಟ್ಟಿತೇ ಎಂದುಕೊಂಡೆ. ಮರುಗಳಿಗೆಯಲ್ಲಿ ಅಡುಗೆಮನೆಯಿಂದ ಸದ್ದು ಬಂತು. ಖಾಲಿ ಒರಳಿಗೆ ಒನಕೆ ಬೀಳುವ ಸದ್ದು. ಕಾಳಿಲ್ಲದ ಒರಳು, ಕಬ್ಬಿಣದ ಬಳೆಯ ಒನಕೆ, ಕಲ್ಲು ಸೀಳುತ್ತದೆಯೋ ಎಂಬಂತೆ. ನಾನು ನಿಂತ ನೆಲ ಅಂಗಾಲಿಗೆ ಒದೆಯುತ್ತಿತ್ತು. ಅವರು ನಿಲ್ಲಿಸಲಿಲ್ಲ.

ಅಗಳಿ ತೆಗೆದ ಸದ್ದಾಯಿತು. ಬಾಗಿಲು ತೆರೆಯಿತು. ಸುಜಾತಾ ಸಿಟ್ಟಿನಿಂದ ಹೊರಗೆ ತಲೆ ಹಾಕಿದಳು.

"ಅತ್ತೀ, ಎಷ್ಟ ಸಲ ಹೇಳ್ಬೇಕ್ರಿ, ಮಕ್ಕಳು ಈಗರ ಸ್ವರ ಹಿಡದಿದ್ರು..."

ಅಷ್ಟರಲ್ಲಿ ಅವಳ ಮೂಗಿಗೆ ವಾಸನೆ ಬಡಿಯಿತು. ನನ್ನ ಮುಖ ನೋಡಿದಳು. ತಿರುಗಿ ಒಳಗೆ ಹೋಗಿ, ದನಿ ಏರಿಸದೆ, "ಎಲ್ಲಾರೂ ಏಳ್ರಿ. ಓಡಬ್ಯಾಡ್ರಿ. ಅಂಗಳಕ್ಕ ನಡೀರಿ" ಎಂದಳು. ಮಕ್ಕಳು ಸಾಲಾಗಿ ಹೊರಗೆ ಬಂದರು. ಒಬ್ಬ ಹುಡುಗ ಚಪ್ಪಲಿ ಹುಡುಕತೊಡಗಿದ. ಅವನ ರಟ್ಟೆ ಹಿಡಿದು ನಾನೇ ಅಂಗಳಕ್ಕೆ ನಡೆಸಿದೆ.

ಒನಕೆಯ ಸದ್ದಿಗೆ ಸಾವಕಾರರೂ ಮಹಾಂತೇಶನೂ ಮಾಳಿಗೆಯಿಂದ ಇಳಿದು ಬಂದರು. ಮಹಾಂತೇಶ ಮೊದಲು ಕರೆಂಟಿನ ಮೇನ್ ಸ್ವಿಚ್ ಆರಿಸಿದ. ಆಮೇಲೆ ಹಾರೆ ಹಿಡಿದು ಗೋಡೆಯ ಹಲಗೆ ಕೀಳಲು ಹೊರಟ. ಸಾವಕಾರರು ಅವನ ಕೈ ಹಿಡಿದರು.

"ಬ್ಯಾಡೋ! ಹತ್ತೀ ಬೆಂಕಿಗೆ ಗಾಳಿ ಕೊಡಬ್ಯಾಡ. ಒಳಗ ಒಳಗ ನಡೀತಿರ್ತೈತಿ ಅದು. ಹಲಗಿ ಕಿತ್ತಿ ಅಂದ್ರ ಒಮ್ಮೆಲೆ ಭಗ್ ಅಂತೈತಿ. ಬಾಗಲಾ ಹಾಕು. ಅಗ್ನಿಶಾಮಕದವರಿಗೆ ಫೋನ್ ಮಾಡು."

ಅವರು ಹೇಳಿದ್ದು ಸರಿಯಾಗಿತ್ತು. ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಮೇಲೆ ಹಾಗೇ ಹೇಳಿದರು. ಗೋದಾಮಿನಲ್ಲಿ ಅಂಡಿಗೆಯೊಳಗೆ ಬೆಂಕಿ ಹೊಕ್ಕರೆ ಹತ್ತಿಯವರು ಮಾಡುವುದು ಅದನ್ನೇ. ಮಹಾಂತೇಶ ಫೋನಿಗೆ ಹೋದ. ಸಾವಕಾರರು ತಾವೇ ಆ ಭಾರವಾದ ಬಾಗಿಲನ್ನು ಎಳೆದು ಭದ್ರವಾಗಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಮುಚ್ಚುವಾಗ ನಾನು ಅಲ್ಲಿದ್ದೆ. ಒಳಗೆ ಯಾರೂ ಇದ್ದಂತೆ ನನಗೆ ಕಾಣಲಿಲ್ಲ. ದೀಪವೂ ಆರಿತ್ತು.

ವಿಮಲಾ ಒಬ್ಬಳೇ ಇದ್ದಾಳೆ, ಹೊಗೆ ನಮ್ಮ ಕಡೆಯ ಗೋಡೆಯಿಂದಲೇ ಬರುತ್ತಿದೆ ಎಂಬುದು ಆಗ ನೆನಪಾಯಿತು. ನಾನು ನಮ್ಮ ಹಿತ್ತಲಿಗೆ ಓಡಿ ನಲ್ಲಿಗೆ ಪೈಪು ಸಿಕ್ಕಿಸಿದೆ. ಸಿಕ್ಕಿಸಿ ತಲೆ ಎತ್ತಿದೆ.

ಕಿಟಕಿಯ ಗಾಜಿನ ಹಿಂದೆ ಒಂದು ಮುಖವಿತ್ತು.

ಅದು ಅನ್ವಿತಾ. ತರಗತಿಯಲ್ಲಿ ಎಲ್ಲರಿಗಿಂತ ಸಣ್ಣವಳು, ಆಗ ಒಂದನೇ ತರಗತಿಯಲ್ಲಿದ್ದಳು. ಎರಡೂ ಅಂಗೈಯನ್ನು ಗಾಜಿಗೆ ಒತ್ತಿದ್ದಳು. ಅವಳ ಹಿಂದೆ ಬೂದು ಹೊಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಬಾಯಿ ಪೂರ್ತಿ ತೆರೆದಿತ್ತು. ಕೊರಳಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಅವಳು ಎಷ್ಟು ಜೋರಾಗಿ ಕಿರುಚುತ್ತಿದ್ದಳೆಂಬುದು ಅದರಿಂದ ತಿಳಿಯುತ್ತಿತ್ತು. ನನಗೆ ಏನೂ ಕೇಳಲಿಲ್ಲ. ಪೈಪಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಬೇವಿನ ಗಿಡದಲ್ಲಿ ಗುಬ್ಬಿಗಳ ಸದ್ದು ಕೇಳುತ್ತಿತ್ತು. ಅವಳದು ಮಾತ್ರ ಇಲ್ಲ.

ಸಾಲಿನಲ್ಲಿ ಹೊರಗೆ ಬಂದವಳು ನೀರಿನ ಬಾಟಲಿ ಬಿಟ್ಟು ಬಂದೆನೆಂದು, ದೊಡ್ಡವರು ಗಡಿಬಿಡಿಯಲ್ಲಿದ್ದಾಗ ತಿರುಗಿ ಒಳಗೆ ಹೋಗಿದ್ದಳು. ಹೊಸ ಬಾಟಲಿ, ಕಳೆದರೆ ಅವ್ವ ಬೈಯುತ್ತಾಳೆಂದು. ತಂಬೂರಿಯ ಹಿಂದೆ ಬಗ್ಗಿ ಅದನ್ನು ಹುಡುಕುತ್ತಿದ್ದಾಗ ಬಾಗಿಲು ಮುಚ್ಚಿತು. ಆ ಬಾಗಿಲು ಅವಳ ಕೈಗೆ ತೆರೆಯುವಂಥದ್ದಲ್ಲ. ಇದನ್ನು ನಾನು ಆಮೇಲೆ ಕೇಳಿ ತಿಳಿದದ್ದು.

ಸಾವಕಾರರು ಆ ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಿದ್ದರು. ಅವಳು ಮೊದಲು ಅದನ್ನೇ ಬಡಿದಿದ್ದಳು, ಅವರ ಬೆನ್ನಿನ ಹಿಂದೆಯೇ.

"ಒಳಗಿದ್ದಾಳ! ಹುಡುಗಿ ಒಳಗಿದ್ದಾಳ!" ನಾನು ಕೂಗಿದೆ. ಅದೇ ಹೊತ್ತಿಗೆ ಅಂಗಳದಲ್ಲಿ ಸುಜಾತಾ ಹೆಸರು ಹಿಡಿದು ಕರೆಯುತ್ತಿದ್ದವಳು, "ಅನ್ವಿತಾ? ಅನ್ವಿತಾ ಎಲ್ಲಿ?" ಎಂದದ್ದು ಕೇಳಿತು. ನನ್ನ ಪಕ್ಕದಲ್ಲಿ ಇನ್ನೊಂದು ದನಿ ಎದ್ದಿತು. ತಿರುಗಿ ನೋಡಿದರೆ ವಿಮಲಾ. ಹಾಸಿಗೆಯಿಂದ ಎದ್ದು ಬಂದು ಕಂಪೌಂಡ್ ಗೋಡೆ ಹಿಡಿದುಕೊಂಡಿದ್ದಳು. ಚಮಚದ ಸದ್ದು ತಡೆಯದವಳು ಆ ದಿನ ಓಣಿಯ ತುದಿಯವರೆಗೆ ಕೇಳುವಂತೆ ಒದರಿದಳು: "ಬಾಗಲಾ ತಗೀರಿ! ಸಾವಕಾರ್ರ, ಬಾಗಲಾ ತಗೀರಿ!"

ಮುಂದಿನದನ್ನು ನಾನು ಗಾಜಿನ ಮೂಲಕ ಕಂಡೆ. ಕೋಣೆಯ ಆ ತುದಿಯಲ್ಲಿ ಬಾಗಿಲು ತೆರೆದು ಪಡಸಾಲೆಯ ಬೆಳಕು ಒಳಗೆ ಬಂತು. ಬೆಳಕಿನ ಜೊತೆಗೆ ಗಾಳಿಯೂ ಬಂತು. ಬಲಗಡೆಯ ಗೋಡೆಯಲ್ಲಿ, ಸ್ವಿಚ್ ಬೋರ್ಡಿನ ಸುತ್ತ ಹಲಗೆ ಕಪ್ಪಾಗಿತ್ತು. ಅದು ಒಮ್ಮೆಲೇ ಬಿರಿದು, ಬೆಂಕಿ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಸಾವಕಾರರು ಮಗನಿಗೆ ಹೇಳಿದ್ದು ಅದನ್ನೇ. ಆಗುವುದು ಏನೆಂದು ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಟಾವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು, ಬಗ್ಗಿ, ಅವರು ಆ ಬೆಂಕಿಯ ಪಕ್ಕದಲ್ಲೇ ನಡೆದು ಬಂದರು. ಅನ್ವಿತಾಳನ್ನು ಗಾಜಿನಿಂದ ಬಿಡಿಸಿ, ಅಂಡಿಗೆ ಎತ್ತುವವರ ಹಾಗೆ ಪಕ್ಕೆಗೆ ಒತ್ತಿಕೊಂಡರು. ತಿರುಗಿದಾಗ ಅವರ ಎಡ ತೋಳಿನ ಅಂಗಿ ಹೊತ್ತಿಕೊಂಡಿತ್ತು. ಆಮೇಲೆ ಹೊಗೆ ಗಾಜನ್ನು ಮುಚ್ಚಿತು. ನನಗೆ ಕಾಣಲಿಲ್ಲ.

ಬಾಗಿಲು ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತು ಎಂದು ಆಮೇಲೆ ಹಲವರು ಕೇಳಿದರು. ನಾನು ಹೇಳಲಾರೆ.

ಅನ್ವಿತಾಳಿಗೆ ಕೂದಲಿನ ತುದಿ ಸುಟ್ಟದ್ದು, ಎರಡು ದಿನ ಕೆಮ್ಮು, ಅಷ್ಟೇ. ಸಾವಕಾರರ ಎಡಗೈ ಸುಟ್ಟಿತ್ತು. ಅದು ಮಾಯಿತು. ಗಂಟಲು ಮಾಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಪಿಸುದನಿಯಷ್ಟೇ ಉಳಿದಿತ್ತು. ಪೇಟೆಯಲ್ಲಿ ಹರಾಜು ಕೂಗುವಾಗ ಎಲ್ಲರ ಮೇಲೆ ಕೇಳುತ್ತಿದ್ದ ದನಿ ಅದು. ಗೋಡೆಯಿಂದ ತೆಗೆದ ಹತ್ತಿಯನ್ನು ಅವರ ಮಾತಿನಂತೆ ಖಾಲಿ ಸೈಟಿನಲ್ಲಿ ಹರಡಿ ನೀರು ಹೊಯ್ಯುತ್ತಿದ್ದರು. ಎಷ್ಟು ಹೊಯ್ದರೂ ಮರುದಿನ ಎಲ್ಲೋ ಒಂದು ಮೂಲೆಯಿಂದ ಮತ್ತೆ ಹೊಗೆ ಏಳುತ್ತಿತ್ತು. ಅವರು ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಅದನ್ನೇ ನೋಡುತ್ತಿದ್ದರು.

ಒಂದು ದಿನ ನಾನು ಅವರ ಪಕ್ಕ ಕೂತಿದ್ದೆ. ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು.

"ಹತ್ತೀ ಬೆಂಕಿ ನನಗ ಗೊತ್ತಿತ್ರಿ ರಾಯರ. ಬಾಗಲಾ ಹಾಕಿದ್ದು ಸರಿ ಇತ್ತು. ಆದ್ರ ಆ ಕೂಸು ನನ್ನ ಬೆನ್ನಿನ ಹಿಂದ ನಿಂತು ಬಾಗಲಾ ಬಡದೈತಿ. ಒಂದ ಗೇಣು ದೂರದಾಗ. ನನಗ ಕೇಳಲಿಲ್ಲಲ್ರಿ."

ಆ ಬಾಗಿಲು ನಮ್ಮ ಮನೆಯ ಸಲುವಾಗಿ ಹಾಕಿದ್ದು. ಅದನ್ನು ಅವರು ಅಂದೂ ಬಾಯಿಬಿಟ್ಟು ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ.

ಮುಂದಿನ ಶ್ರಾವಣದಲ್ಲಿ ಅವರು ತೀರಿಕೊಂಡರು. ಹೊಗೆಯಿಂದಲೇ ಹೋದರು ಎಂದು ಓಣಿಯಲ್ಲಿ ಹೇಳುತ್ತಾರೆ. ನಾನು ಹಾಗೆ ಬರೆಯಲಾರೆ. ಹತ್ತಿಯ ಧೂಳು ಕುಡಿದು ಅವರಿಗೆ ಮೊದಲಿನಿಂದಲೂ ದಮ್ಮು ಇತ್ತು. ವೈದ್ಯರು ಎರಡನ್ನೂ ಹೇಳಿದರು.

ಸುಜಾತಾ ಮತ್ತೆ ಹಾಡಿಸುವುದಿಲ್ಲ ಎಂದು ಕೂತಿದ್ದಳು. ಅವಳನ್ನು ಎಬ್ಬಿಸಿದವಳು ವಿಮಲಾ. ಕೋಲು ಹಿಡಿದು ಅವರ ಮನೆಗೆ ತಾನೇ ಹೋದಳು. ನಾನೂ ಜೊತೆಗಿದ್ದೆ.

"ಸುಜಾತಾ, ಹಾಡೋ ಮಕ್ಕಳನ್ನ ಡಬ್ಬಿಯೊಳಗ ಇಟ್ಟು ಮುಚ್ಚಬ್ಯಾಡವಾ. ನನಗ ತ್ರಾಸ ಆದ್ರ ನನ್ನ ಖೋಲಿ ಬಾಗಲಾ ನಾನ ಹಾಕ್ಕೋತೇನಿ. ನಾನು ಒಳಗ ಇರ್ತೇನಿ, ಅವು ಹೊರಗ ಇರ್ಲಿ."

ಇರ್ಫಾನನನ್ನು ಮತ್ತೆ ಕರೆಸಿದೆವು. ಈ ಸಲ ಅವನು ಕೆಲಸ ಮಾಡಿದ್ದು ನಮ್ಮ ಮನೆಯಲ್ಲಿ. ವಿಮಲಾ ಮಲಗುವ ಕೋಣೆಗೆ ಇನ್ನೊಂದು ಗಾಜು, ಗೋಡೆಗೆ ಅವನು ಮೊದಲೇ ಹೇಳಿದ್ದ ಕಲ್ಲಿನ ನಾರು, ದಪ್ಪ ಪರದೆ. ಬಾಗಿಲಿಗೆ ಒಳಗಿನಿಂದ ಅಗಳಿ ಇಲ್ಲ, ನಡುವೆ ಅಂಗೈಯಗಲದ ಗಾಜು. ಅವಳ ಹಾಸಿಗೆಯ ಪಕ್ಕ ಒಂದು ಗುಂಡಿ ಇದೆ, ಒತ್ತಿದರೆ ಅಡುಗೆಮನೆಯಲ್ಲಿ ದೀಪ ಹತ್ತುತ್ತದೆ. ಸುಜಾತಾಳ ಕೋಣೆಗೆ ಈಗ ತೆರೆಯುವ ಕಿಟಕಿ ಬಂದಿದೆ. ಸಂಜೆ ಮಕ್ಕಳ ಸ್ವರ ಹಿತ್ತಲಿಗೆ ಬರುತ್ತದೆ. ಕೆಲವು ದಿನ ವಿಮಲಾ ತನ್ನ ಬಾಗಿಲು ಹಾಕಿಕೊಳ್ಳುತ್ತಾಳೆ. ಕೆಲವು ದಿನ ಹಾಕಿಕೊಳ್ಳುವುದಿಲ್ಲ. ನಾನು ಹಿತ್ತಲಲ್ಲಿ ಆ ಕಲ್ಲಿನ ಪಕ್ಕ ನಿಂತು ಕೇಳುತ್ತೇನೆ. ತೆರೆದ ಬಾಯಿ ಕಂಡು, ಅದರ ಸ್ವರವೂ ಕಿವಿಗೆ ಬಿದ್ದ ಮೇಲೆಯೇ ತಂತಿಯ ಬಟ್ಟೆಗೆ ಕೈ ಹಾಕುತ್ತೇನೆ. ಒಂದು ಗಳಿಗೆ ಸ್ವರ ತಡವಾದರೂ ಕಿಟಕಿಯ ಕಡೆ ಓಡಬೇಕೆನಿಸುತ್ತದೆ.

ಇದನ್ನು ನನ್ನ ಜೊತೆ ಕಂಡವರು ಇನ್ನೂ ಇದ್ದಾರೆ. ಮಹಾಂತೇಶ ಇದ್ದಾನೆ, ಅಂಗಡಿಯಲ್ಲಿ ಸಿಗುತ್ತಾನೆ. ಸುಜಾತಾ ಇದ್ದಾಳೆ. ನೀಲವ್ವ ಇದ್ದಾರೆ, ಬಲಭುಜ ಅಂದಿನಿಂದ ಮೇಲೇಳುವುದಿಲ್ಲ, ಎಡಗೈಯಿಂದ ಕುಟ್ಟುತ್ತಾರೆ. ವಿಮಲಾ ಇದ್ದಾಳೆ. ಮತ್ತು ಗಾಜಿನ ಆ ಬದಿಯಿಂದ ಎಲ್ಲವನ್ನೂ ಕಂಡವಳು ಒಬ್ಬಳಿದ್ದಾಳೆ, ಅನ್ವಿತಾ. ಈಗ ಮೂರನೇ ತರಗತಿ. ಮೊನ್ನೆ ಕಂಪೌಂಡಿನ ಮೇಲೆ ಗದ್ದ ಊರಿ ನಿಂತು ನನ್ನನ್ನು ಕೇಳಿದಳು:

"ಅಜ್ಜಾ, ಅವತ್ತ ನಾ ಅಷ್ಟ ಒದರಾಕತ್ತಿದ್ದೆ, ನೀ ಯಾಕ ಸುಮ್ನ ಬಾಯಿ ತಕ್ಕೊಂಡು ನಿಂತಿದ್ದಿ?"